ರಾಜಕೀಯ ಬಿಟ್ಟು ಬಂದ ಹಿರಿಯರು ನಮ್ಮ ಸೇವಾ ಟ್ರಸ್ಟಿನ ಅಧ್ಯಕ್ಷರಾದರೆ ತೊಂದರೆಯೇ?

ಪ್ರಶ್ನೆ: ಸರ್, ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಒಂದು ಭಜನಾ ಮಂದಿರದ ಕಾರ್ಯದರ್ಶಿ. ವಾರದ ಭಜನೆ, ವರ್ಷಕ್ಕೊಮ್ಮೆ ಏಕಾಹದ (ಇಡೀ ದಿನದ ಅಖಂಡ ಭಜನೆಯ) ಜೊತೆಗೆ ಅನ್ನದಾನ, ಬಡ ಮಕ್ಕಳ ಫೀಸು, ಎಂಡೋಸಲ್ಫಾನ್ ಬಾಧಿತ ಮನೆಗಳಿಗೆ ಔಷಧಿ ಖರ್ಚು, ಇಂಥ ಕೆಲಸವನ್ನೂ ಮಾಡುತ್ತಿದ್ದೇವೆ. ಎಲ್ಲವೂ ಒಂದೇ ಬ್ಯಾಂಕ್ ಖಾತೆ, ಒಂದೇ ರಶೀದಿ ಪುಸ್ತಕದಲ್ಲಿ ನಡೆಯುತ್ತದೆ. ಈಗ ನಮ್ಮೂರಿನ ಹಿರಿಯರೊಬ್ಬರು ಮುಂದೆ ಬಂದಿದ್ದಾರೆ. ಒಂದು ಪಕ್ಷದ ರಾಜ್ಯ ಸಮಿತಿಯಲ್ಲಿ ಬಹಳ ಕಾಲ ಇದ್ದವರು, ಸರ್ಕಾರಿ ನಿಗಮವೊಂದರ ಅಧ್ಯಕ್ಷರೂ ಆಗಿದ್ದವರು. “ರಾಜಕೀಯ ಸಾಕು, ಇನ್ನು ದೇವರ ಕೆಲಸ, ಬಡವರ ಕೆಲಸ” ಎನ್ನುತ್ತಾರೆ. ಸೇವಾ ಟ್ರಸ್ಟ್ ಮಾಡೋಣ, 40 ಸೆಂಟ್ಸ್ ಜಾಗ ಕೊಡುತ್ತೇನೆ, ಕಟ್ಟಡಕ್ಕೆ ಹಣ ಸೇರಿಸುತ್ತೇನೆ ಎಂದಿದ್ದಾರೆ. ಆದರೆ ತಾನು ಆಜೀವ ಅಧ್ಯಕ್ಷ, ಮಗ ಮತ್ತು ಅಳಿಯ ಟ್ರಸ್ಟಿಗಳು ಆಗಬೇಕಂತೆ. ನಮ್ಮ ಸಮಿತಿ ಎರಡು ಪಾಲಾಗಿದೆ. ರಾಜಕಾರಣಿ ಅಧ್ಯಕ್ಷರಾದರೆ ಕಾನೂನು ಒಪ್ಪುವುದಿಲ್ಲ, 80ಜಿ (ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ) ಸಿಗುವುದಿಲ್ಲ, ಗಲ್ಫಿನಲ್ಲಿರುವ ನಮ್ಮ ಹುಡುಗರು ಹಣ ಕಳಿಸಿದರೆ ಕೇಸಾಗುತ್ತದೆ, ಕೊನೆಗೆ ದೇವಸ್ಥಾನಗಳ ಆಡಳಿತ ನೋಡುವ ದೇವಸ್ವಂ ಬೋರ್ಡು ಮಂದಿರವನ್ನೇ ತೆಗೆದುಕೊಳ್ಳುತ್ತದೆ ಎಂದೆಲ್ಲ ಕೆಲವರು ಹೇಳುತ್ತಿದ್ದಾರೆ. ಬೇಡ ಎಂದರೆ ಹಿರಿಯರಿಗೆ ಬೇಸರ. ಹೌದು ಎಂದರೆ ನಮಗೆ ಹೆದರಿಕೆ. ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಹೆದರಿಕೆಗಳು ಬೆರೆತುಹೋಗಿವೆ. ಮೊದಲನೆಯದು, ಕಾನೂನು ಅಡ್ಡ ಬರುತ್ತದೆಯೇ ಎಂಬುದು. ಎರಡನೆಯದು, ಈ ಹಿರಿಯರ ಕೈಗೆ ಎಲ್ಲ ಕೊಟ್ಟರೆ ನಾಳೆ ಮಂದಿರ ನಮ್ಮದಾಗಿ ಉಳಿಯುತ್ತದೆಯೇ ಎಂಬುದು. ಸಭೆಯಲ್ಲಿ ಎರಡನೆಯದನ್ನು ಬಾಯಿಬಿಟ್ಟು ಹೇಳುವುದು ಕಷ್ಟ. ಅದಕ್ಕೇ ಜನ ಮೊದಲನೆಯದರ ಹೆಸರಿನಲ್ಲಿ ಮಾತಾಡುತ್ತಾರೆ. ಟ್ರಸ್ಟು, ಸಂಘಗಳ ದಸ್ತಾವೇಜು ಮತ್ತು ಲೆಕ್ಕಪತ್ರ ನೋಡುವ ಕೆಲಸದಲ್ಲಿ ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಎರಡನ್ನೂ ಬಿಡಿಸಿ ನೋಡೋಣ.

ರಾಜಕೀಯದಲ್ಲಿದ್ದವರು ಧಾರ್ಮಿಕ ಅಥವಾ ಸೇವಾ ಸಂಸ್ಥೆಯ ಮುಖ್ಯಸ್ಥರಾಗಬಾರದು ಎಂದು ಹೇಳುವ ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಪಾಣಕ್ಕಾಡಿನ ಸಯ್ಯದ್ ಮುಹಮ್ಮದಲಿ ಶಿಹಾಬ್ ತಂಙಳ್ 1975ರಿಂದ 2009ರವರೆಗೆ ಮುಸ್ಲಿಂ ಲೀಗಿನ ಕೇರಳ ರಾಜ್ಯಾಧ್ಯಕ್ಷರಾಗಿದ್ದರು. ಅದೇ ಹೊತ್ತಿಗೆ ಹಲವು ಮಹಲ್ಲುಗಳ, ಅಂದರೆ ಮಸೀದಿ ಜಮಾತುಗಳ, ಖಾಜಿಯೂ (ಧಾರ್ಮಿಕ ಮುಖ್ಯಸ್ಥರೂ) ಆಗಿದ್ದರು. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು 2022ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ಅದಕ್ಕಾಗಿ ಅವರು ಧರ್ಮಾಧಿಕಾರಿ ಸ್ಥಾನ ಬಿಡಬೇಕಾಗಲಿಲ್ಲ.

ಹಾಗಾದರೆ ‘ಕಾನೂನು ಒಪ್ಪುವುದಿಲ್ಲ’ ಎಂಬ ಮಾತು ಎಲ್ಲಿಂದ ಬಂತು? ಅದು ಸುಮ್ನೆ ಹುಟ್ಟಿದ್ದಲ್ಲ. 2023ರ ಫೆಬ್ರವರಿಯಲ್ಲಿ ಕೇರಳ ಹೈಕೋರ್ಟು ಒಂದು ತೀರ್ಪು ಕೊಟ್ಟಿತು. ಒಟ್ಟಪಾಲಂನ ಒಂದು ದೇವಸ್ಥಾನಕ್ಕೆ ಸಂಬಂಧಿಸಿದ ಪ್ರಕರಣ ಅದು. ಮಲಬಾರ್ ದೇವಸ್ವಂ ಬೋರ್ಡಿನ ಅಧೀನದ ದೇವಸ್ಥಾನಗಳಿಗೆ ಅನುವಂಶಿಕರಲ್ಲದ ಟ್ರಸ್ಟಿಗಳನ್ನು ನೇಮಿಸುವಾಗ ಸಕ್ರಿಯ ರಾಜಕಾರಣದಲ್ಲಿ ಇರುವವರನ್ನು ನೇಮಿಸುವಂತಿಲ್ಲ ಎಂದು ಕೋರ್ಟು ಹೇಳಿತು. ಪಕ್ಷದ ಯುವ ಸಂಘಟನೆಯಲ್ಲಿದ್ದರೆ ಅದು ರಾಜಕೀಯವಲ್ಲ ಎಂಬ ವಾದವನ್ನೂ ಒಪ್ಪಲಿಲ್ಲ. ಕಾಸರಗೋಡಿನ ದೇವಸ್ಥಾನಗಳಿಗೆ ಈ ತೀರ್ಪು ಬಹಳ ಮುಖ್ಯ. ಆದರೆ ಅದರ ವ್ಯಾಪ್ತಿ ನೋಡಿ. ಅದು ಬೋರ್ಡಿನ ಅಧೀನದ ದೇವಸ್ಥಾನಗಳಲ್ಲಿ ನಡೆಯುವ ನೇಮಕದ ವಿಷಯ, ಅದೂ ಸಕ್ರಿಯ ರಾಜಕಾರಣಿಗಳ ವಿಷಯ. ನಿಮ್ಮೂರಿನವರು ಸೇರಿ ಹೊಸದಾಗಿ ಮಾಡುವ ಸೇವಾ ಟ್ರಸ್ಟಿಗೆ ಅದು ನೇರವಾಗಿ ತಾಗುವುದಿಲ್ಲ.

ಆದರೂ ಆ ತೀರ್ಪಿನ ಅಳತೆಗೋಲನ್ನು ನೀವಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ‘ರಾಜಕೀಯ ಬಿಟ್ಟೆ’ ಎಂದು ಬಾಯಲ್ಲಿ ಹೇಳುವುದು ಬೇರೆ, ಪಕ್ಷದ ಸ್ಥಾನಗಳಿಗೆ ರಾಜೀನಾಮೆ ಕೊಟ್ಟ ಪತ್ರ ತೋರಿಸುವುದು ಬೇರೆ. ಹಿರಿಯರು ನಿಜವಾಗಿ ಬಿಟ್ಟಿದ್ದರೆ ಆ ಪತ್ರ ಕೊಡಲು ಅವರಿಗೆ ಕಷ್ಟವಾಗಬಾರದು. ಕೇಳಿ. ಕೇಳುವುದರಲ್ಲಿ ಅಗೌರವ ಏನೂ ಇಲ್ಲ.

ದೇವಸ್ವಂ ಬೋರ್ಡಿನ ಹೆದರಿಕೆಗೆ ಬರುತ್ತೇನೆ. ನಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಮದ್ರಾಸಿನ ದಕ್ಷಿಣ ಕನ್ನಡದ ಭಾಗವಾಗಿತ್ತು. ಹಾಗಾಗಿ 1951ರ ಮದ್ರಾಸ್ ಹಿಂದೂ ಧಾರ್ಮಿಕ ದತ್ತಿ ಕಾಯ್ದೆ ಇಲ್ಲಿ ಇನ್ನೂ ನಡೆಯುತ್ತಿದೆ. ಮಲಬಾರ್ ದೇವಸ್ವಂ ಬೋರ್ಡು ಅದೇ ಕಾಯ್ದೆಯಡಿ 2008ರಲ್ಲಿ ಬಂದದ್ದು. ಯಾವುದು ದೇವಸ್ಥಾನ ಎಂದು ಆ ಕಾಯ್ದೆ ನೋಡುವುದು ಹೆಸರಿನಿಂದಲ್ಲ. ಸಾರ್ವಜನಿಕರು ಹಕ್ಕಿನಿಂದ ಬಂದು ಪೂಜಿಸುವ ಜಾಗವೇ ಎಂದು ನೋಡುತ್ತದೆ. ಫೀಸು ಕಟ್ಟುವ, ಔಷಧಿ ಕೊಡಿಸುವ ಟ್ರಸ್ಟು ದೇವರ ಹೆಸರು ಇಟ್ಟುಕೊಂಡ ಮಾತ್ರಕ್ಕೆ ದೇವಸ್ಥಾನ ಆಗುವುದಿಲ್ಲ. ಆದರೆ ಮಂದಿರವನ್ನೂ ಅದರ ಜಾಗವನ್ನೂ ಹೊಸ ಟ್ರಸ್ಟಿಗೆ ಸೇರಿಸಿ, ಅಲ್ಲಿ ನಿತ್ಯಪೂಜೆ, ಸೇವೆಗಳ ದರಪಟ್ಟಿ, ಉತ್ಸವ ಎಂದು ಬೆಳೆಸುತ್ತ ಹೋದರೆ ಮುಂದೊಂದು ದಿನ ಆ ಪ್ರಶ್ನೆ ಏಳಬಹುದು. ಅದಕ್ಕೂ ಅಧ್ಯಕ್ಷರು ಯಾವ ಪಕ್ಷದಲ್ಲಿದ್ದರು ಎಂಬುದಕ್ಕೂ ಸಂಬಂಧ ಇಲ್ಲ.

ಇನ್ನು 80ಜಿ. ಅಧ್ಯಕ್ಷರು ಹಿಂದೆ ರಾಜಕಾರಣಿಯಾಗಿದ್ದರು ಎಂಬ ಕಾರಣಕ್ಕೆ ಆದಾಯ ತೆರಿಗೆ ಇಲಾಖೆ 80ಜಿ ತಡೆಯುವುದಿಲ್ಲ. ನಿಮ್ಮ 80ಜಿಗೆ ನಿಜವಾದ ಅಪಾಯ ಇರುವುದು ನೀವು ಹೆಮ್ಮೆಯಿಂದ ಬರೆದ ‘ಒಂದೇ ಖಾತೆ, ಒಂದೇ ರಶೀದಿ ಪುಸ್ತಕ’ದಲ್ಲಿ. 80ಜಿ ಇರುವ ಸಂಸ್ಥೆ ವರ್ಷದ ಆದಾಯದಲ್ಲಿ ಶೇ. 5ಕ್ಕಿಂತ ಜಾಸ್ತಿಯನ್ನು ಧಾರ್ಮಿಕ ಖರ್ಚಿಗೆ ಹಾಕುವಂತಿಲ್ಲ. ಏಕಾಹದ ಖರ್ಚು, ಪೂಜೆ, ಭಜನೆಯ ಹಾರ್ಮೋನಿಯಂ ಎಲ್ಲ ಸೇರಿದರೆ ನೀವು ಆ ಗೆರೆ ಯಾವಾಗಲೋ ದಾಟಿರುತ್ತೀರಿ. ಒಂದೇ ಧರ್ಮದ ಅಥವಾ ಜಾತಿಯ ಜನರ ಉಪಯೋಗಕ್ಕೆ ಎಂದು ದಸ್ತಾವೇಜಿನಲ್ಲಿ ಬರೆದರೂ 80ಜಿ ಇಲ್ಲ. ‘ನಮ್ಮ ಸಮಾಜದ ಬಡ ವಿದ್ಯಾರ್ಥಿಗಳಿಗೆ’ ಎಂಬ ಒಂದು ಸಾಲು ಅಭಿಮಾನದಿಂದ ಸೇರಿಬಿಡುತ್ತದೆ. ಅರ್ಜಿ ಬಿದ್ದುಹೋಗಲು ಅಷ್ಟು ಸಾಕು. ನೀವು ಔಷಧಿ ಕೊಡುವಾಗ ಮನೆಯವರ ಜಾತಿ ಕೇಳುತ್ತಿಲ್ಲ ಅಲ್ವಾ? ಹಾಗಿದ್ದರೆ ಬರೆಯುವಾಗಲೂ ಅದು ಬೇಡ.

ಅದಕ್ಕೇ ನನ್ನ ಮೊದಲ ಸಲಹೆ: ಮಂದಿರ ಬೇರೆ ಇರಲಿ, ಸೇವಾ ಸಂಸ್ಥೆ ಬೇರೆ ಇರಲಿ. ಎರಡು ಸಂಸ್ಥೆ, ಎರಡು ಪ್ಯಾನ್, ಎರಡು ಖಾತೆ. ಮಂದಿರದ ಆಡಳಿತ ಈಗಿನ ಸಮಿತಿಯ ಕೈಯಲ್ಲೇ ಇರಲಿ. ಹಿರಿಯರು ಸೇವಾ ಸಂಸ್ಥೆಯನ್ನು ನಡೆಸಲಿ. ನಿಮ್ಮ ಸಮಿತಿಯ ಅರ್ಧ ಜಗಳ ಇಷ್ಟರಲ್ಲೇ ತಣ್ಣಗಾದೀತು.

ಇಲ್ಲಿ ಒಂದು ಮಾತು ಸೇರಿಸುತ್ತೇನೆ. 80ಜಿಯನ್ನು ತೀರಾ ದೊಡ್ಡದು ಮಾಡಿಕೊಳ್ಳಬೇಡಿ. ಹೊಸ ತೆರಿಗೆ ಪದ್ಧತಿಯಲ್ಲಿರುವ ದಾನಿಗಳಿಗೆ ಆ ರಿಯಾಯಿತಿಯೇ ಇಲ್ಲ. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟವರಿಗೂ ಇಲ್ಲ. ಸಂಸ್ಥೆಯ ಸ್ವಂತ ಆದಾಯಕ್ಕೆ ವಿನಾಯಿತಿ ಕೊಡುವ ನೋಂದಣಿ, ಅಂದರೆ ನಾವೆಲ್ಲ ‘12ಎ’ ಎಂದು ಕರೆಯುವುದು, ಅದಕ್ಕಿಂತ ಮುಖ್ಯ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಅದರಲ್ಲಿ ಕಲಂಗಳ ಸಂಖ್ಯೆ ಬೇರೆ. ಹಾಗಾಗಿ ಹಳೆಯ ಟ್ರಸ್ಟಿನ ಅರ್ಜಿಯನ್ನು ನೋಡಿ ಹಾಗೆಯೇ ಇಳಿಸಿಕೊಳ್ಳಬೇಡಿ.

ಗಲ್ಫಿನ ಹಣದ ಬಗ್ಗೆ ಹೆದರಿಕೆ ಬೇಡ, ಎಚ್ಚರ ಬೇಕು. ದುಬೈಯಲ್ಲೋ ಅಬುಧಾಬಿಯಲ್ಲೋ ಕೆಲಸ ಮಾಡುವ ನಿಮ್ಮೂರಿನ ಹುಡುಗ ಭಾರತದ ಪಾಸ್‌ಪೋರ್ಟಿನವನೇ ಆಗಿದ್ದು, ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟಿನ ಪ್ರತಿ ತೆಗೆದಿಟ್ಟುಕೊಳ್ಳಿ. ಅಮೆರಿಕದ್ದೋ ಇಂಗ್ಲೆಂಡಿನದ್ದೋ ಪೌರತ್ವ ಪಡೆದವರು ಕಳಿಸಿದರೆ, ಅವರು ನಿಮ್ಮ ಸ್ವಂತ ಅಣ್ಣನೇ ಆಗಿದ್ದರೂ, ಅದು ವಿದೇಶಿ ದೇಣಿಗೆ. ಹೊರದೇಶದಲ್ಲಿ ನೋಂದಾಯಿಸಿದ ಊರವರ ಸಂಘದ ಖಾತೆಯಿಂದ ಬಂದರೂ ಅಷ್ಟೇ. ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಬೇಕು. ಸಾಮಾನ್ಯವಾಗಿ ಮೂರು ವರ್ಷ ಕೆಲಸ ಮಾಡಿ 15 ಲಕ್ಷ ರೂಪಾಯಿ ಖರ್ಚು ತೋರಿಸಿದ ಸಂಸ್ಥೆ ಮಾತ್ರ ಅದನ್ನು ಕೇಳಬಹುದು. ಹಿರಿಯರ ರಾಜಕೀಯ ಸ್ಥಾನ ನಿಜವಾಗಿ ತಾಗುವ ಜಾಗ ಇದು. ಚುನಾವಣೆಯ ಅಭ್ಯರ್ಥಿ, ಶಾಸಕ, ಪಕ್ಷದ ಪದಾಧಿಕಾರಿ ವಿದೇಶಿ ದೇಣಿಗೆ ಮುಟ್ಟುವಂತೆಯೇ ಇಲ್ಲ. ಪಕ್ಷದ ಸ್ಥಾನ ಇಟ್ಟುಕೊಂಡೇ ಟ್ರಸ್ಟಿನ ಹೆಸರಿನಲ್ಲಿ ಅಂಥ ಹಣ ಕೇಳಿದರೆ ಅವರಿಗೂ ಟ್ರಸ್ಟಿಗೂ ಕಷ್ಟ.

ನಿಮ್ಮ ಪತ್ರದಲ್ಲಿ ಬಾರದ ಒಂದು ಅಪಾಯವನ್ನು ನಾನೇ ಹೇಳಬೇಕು. ಉಳಿದೆಲ್ಲಕ್ಕಿಂತ ಅದು ದೊಡ್ಡದು. 1988ರಲ್ಲಿ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ ಬಂತು. ಧಾರ್ಮಿಕ ಸಂಸ್ಥೆಯ ಜಾಗವನ್ನು ರಾಜಕೀಯ ಚಟುವಟಿಕೆಗೆ ಬಳಸಬಾರದು, ಅದರ ಹಣ ಪಕ್ಷಕ್ಕೆ ಹೋಗಬಾರದು ಎನ್ನುತ್ತದೆ ಅದು. ತಪ್ಪಿದರೆ ಐದು ವರ್ಷದವರೆಗೆ ಜೈಲು ಮತ್ತು 10,000 ರೂಪಾಯಿವರೆಗೆ ದಂಡ. ಹೊಣೆ ಬೀಳುವುದು ಸಂಸ್ಥೆ ನಡೆಸುವವರ ಮೇಲೆ. ಅಂದರೆ ಕಾರ್ಯದರ್ಶಿಯಾದ ನಿಮ್ಮ ಮೇಲೂ. ಪಂಚಾಯತ್ ಚುನಾವಣೆ ಹತ್ತಿರ ಬಂದಾಗ ಹಿರಿಯರ ಹಳೆಯ ಒಡನಾಡಿಗಳು “ಅಣ್ಣ, ನಾಳೆ ಸಂಜೆ ನಿಮ್ಮ ಹಾಲ್ ಒಂದು ಕೊಡಿ, ಬರೀ ಕಾರ್ಯಕರ್ತರ ಸಭೆ” ಎಂದು ಕೇಳಿಯೇ ಕೇಳುತ್ತಾರೆ. ಅಣ್ಣನಿಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಆ ಹೊತ್ತಿಗೆ ಇಲ್ಲ ಎನ್ನುವ ಅಧಿಕಾರ ಒಬ್ಬರ ಕೈಯಲ್ಲಿ ಇರದೆ ನಿಯಮದಲ್ಲಿ ಇರಬೇಕು. ‘ಮತದಾನ ಘೋಷಣೆಯಾದ ದಿನದಿಂದ ಫಲಿತಾಂಶದವರೆಗೆ ಹಾಲ್ ಯಾರಿಗೂ ಇಲ್ಲ, ಪಕ್ಷದ ಸಭೆಗೆ ಯಾವತ್ತೂ ಇಲ್ಲ’ ಎಂದು ಬರೆದು ಗೋಡೆಗೆ ಹಾಕಿ. ಹಿರಿಯರಿಗೂ ಅದು ರಕ್ಷಣೆ. ಈ ಕಾಯ್ದೆಯಡಿ ಶಿಕ್ಷೆಯಾದವರು ಚುನಾವಣೆಗೆ ನಿಲ್ಲುವ ಅರ್ಹತೆಯನ್ನೂ ಕಳೆದುಕೊಳ್ಳುತ್ತಾರೆ.

ಈಗ ಆ ಎರಡನೆಯ ಹೆದರಿಕೆ. ಇಂಥವರು ಯಾಕೆ ಸೇವೆಗೆ ಬರುತ್ತಾರೆ? ಲಾಭಕ್ಕೇ ಎಂದು ತೀರ್ಮಾನಿಸುವುದು ಅನ್ಯಾಯ. ರಾಜಕೀಯದಲ್ಲಿ ದೊಡ್ಡ ಸ್ಥಾನದಲ್ಲಿದ್ದವರ ಮನೆ ಬಾಗಿಲಿಗೆ ಬೆಳಿಗ್ಗೆ ಆರಕ್ಕೇ ಜನ ಬರುತ್ತಿರುತ್ತಾರೆ. ಆಸ್ಪತ್ರೆಗೆ ಒಂದು ಫೋನು, ಪಿಂಚಣಿಗೆ ಒಂದು ಪತ್ರ. ಸ್ಥಾನ ಹೋದ ಮೇಲೂ ಕಷ್ಟದವರು ಬರುವುದು ನಿಲ್ಲುವುದಿಲ್ಲ, ಆದರೆ ಕೈಯಲ್ಲಿ ಅಧಿಕಾರ ಇರುವುದಿಲ್ಲ. ಆಗ ಸೇವಾ ಸಂಸ್ಥೆಯ ಯೋಚನೆ ಬರುತ್ತದೆ. ಅದರಲ್ಲಿ ಭಕ್ತಿಯೂ ಇರುತ್ತದೆ, ಮರುಕವೂ ಇರುತ್ತದೆ, ಊರಿನಲ್ಲಿ ತನ್ನ ಮಾತು ನಡೆಯಬೇಕು ಎಂಬ ಆಸೆಯೂ ಇರುತ್ತದೆ. ಮೂರೂ ಒಟ್ಟಿಗೆ ಇರುವುದು ಸಹಜ.

ಮತ್ತು ಅವರು ತರುವುದು ಸಣ್ಣದಲ್ಲ. ಗಡಿನಾಡಿನ ಕನ್ನಡಿಗರ ಸಂಸ್ಥೆಗಳ ಕಷ್ಟ ನನಗೆ ಗೊತ್ತು. ತಿರುವನಂತಪುರ ರೈಲಿನಲ್ಲಿ ಇಡೀ ರಾತ್ರಿಯ ದಾರಿ. ಕಾಗದಪತ್ರ ಮಲಯಾಳದಲ್ಲಿ. ಯಾವ ಕಚೇರಿಯ ಯಾವ ಮೇಜಿನಲ್ಲಿ ಫೈಲು ನಿಂತಿದೆ ಎಂದು ತಿಳಿಯುವುದೇ ಒಂದು ಕೆಲಸ. ಇಪ್ಪತ್ತು ವರ್ಷ ಅಲ್ಲಿ ಓಡಾಡಿದವರು ಒಂದು ವಾರದಲ್ಲಿ ಮಾಡಿಸುವುದನ್ನು ನೀವು ನಾವು ವರ್ಷವಿಡೀ ಓಡಾಡಿದರೂ ಮಾಡಿಸಲಾರೆವು. ಎಂಡೋಸಲ್ಫಾನ್ ಬಾಧಿತರ ಅರ್ಜಿಗಳ ಹಿಂದೆ ಓಡಾಡಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೇವೆಗೆ ಪದವಿ ಬೇಕೇ ಬೇಕು ಎಂದೇನಿಲ್ಲ. ನಿಮ್ಮ ಹತ್ತಿರದ ಕಿಳಿಂಗಾರಿನ ಸಾಯಿರಾಂ ಭಟ್ಟರು ಯಾವ ಪಕ್ಷದ ಬಲವೂ ಇಲ್ಲದೆ 200ಕ್ಕೂ ಹೆಚ್ಚು ಬಡ ಕುಟುಂಬಗಳಿಗೆ ಮನೆ ಕಟ್ಟಿಸಿಕೊಟ್ಟು ಹೋದರು. ಆದರೆ ಎಲ್ಲ ಊರಿಗೂ ಅಂಥವರು ಸಿಗುವುದಿಲ್ಲ. ಸಿಕ್ಕಿದ ಅನುಭವವನ್ನು ಬಿಡಬೇಡಿ.

ತೊಂದರೆ ಬರುವುದು ಹೆಚ್ಚಾಗಿ ದುರಾಸೆಯಿಂದಲ್ಲ, ಅಭ್ಯಾಸದಿಂದ. ರಾಜಕೀಯದಲ್ಲಿ ಎದುರು ನಿಂತವನ ಕಷ್ಟ ಕೇಳಿ ಅಲ್ಲೇ ತೀರ್ಮಾನ ಮಾಡುವುದು ರೂಢಿ. ಟ್ರಸ್ಟಿನಲ್ಲಿ ಅದು ನಡೆಯುವುದಿಲ್ಲ. ಅರ್ಜಿ ಬೇಕು, ನಿರ್ಣಯ ಬೇಕು, ವೋಚರ್ ಬೇಕು. “ನಾನು ಹೇಳಿದ್ದೇನೆ, ಐದು ಸಾವಿರ ಕೊಟ್ಟುಬಿಡಿ” ಎಂಬ ಮಾತಿಗೆ ಖಜಾಂಚಿ ತಲೆಯಾಡಿಸಿದರೆ, ವರ್ಷದ ಕೊನೆಗೆ ಆಡಿಟರ್ ಎದುರು ಕೂರುವವರು ಖಜಾಂಚಿಯೇ.

ಹಾಗಾಗಿ ‘ಆಜೀವ ಅಧ್ಯಕ್ಷ, ಮಗ, ಅಳಿಯ’ ಎಂಬ ಶರತ್ತಿಗೆ ನೀವು ಹೆದರಿದ್ದು ಸರಿ. ಕೇರಳದಲ್ಲಿ ಸಾರ್ವಜನಿಕ ಟ್ರಸ್ಟುಗಳನ್ನು ನೋಡಿಕೊಳ್ಳುವ ಚಾರಿಟಿ ಕಮಿಷನರ್ ಇಲ್ಲ. ಕರ್ನಾಟಕದ ಉತ್ತರ ಗಡಿಯಾಚೆ ಅಕ್ಕಲಕೋಟೆಯ ಕನ್ನಡಿಗರು ದೂರು ಕೊಡಲು ಸೊಲ್ಲಾಪುರದ ಚಾರಿಟಿ ಕಚೇರಿಗೆ ಹೋಗಬಹುದು. ಮಹಾರಾಷ್ಟ್ರದಲ್ಲಿ ಅದಕ್ಕೆ 1950ರಿಂದಲೇ ಕಾಯ್ದೆ ಇದೆ. ನಮಗೆ ಇರುವ ದಾರಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ. ಸಂಸ್ಥೆಯಲ್ಲಿ ಹಿತಾಸಕ್ತಿ ಇರುವ ಇಬ್ಬರಾದರೂ ಸೇರಿ, ಕೋರ್ಟಿನ ಅನುಮತಿ ಪಡೆದು, ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಬೇಕು. ಟ್ರಸ್ಟಿಯನ್ನು ತೆಗೆಯುವ, ಲೆಕ್ಕ ಕೇಳುವ ಅಧಿಕಾರ ಕೋರ್ಟಿಗೆ ಇದೆ. ಆದರೆ ಅದು ವರ್ಷಗಳ ಕೆಲಸ. ದಸ್ತಾವೇಜಿನಲ್ಲಿ ತೆಗೆಯುವ ದಾರಿ ಬರೆಯದಿದ್ದರೆ ನೀವು ಹೋಗಬೇಕಾದದ್ದು ಅಲ್ಲಿಗೇ.

ಸಂಬಂಧಿಕರು ಟ್ರಸ್ಟಿಗಳಾಗುವುದು ಅಪರಾಧವಲ್ಲ. ಆದರೆ ಟ್ರಸ್ಟಿಗೆ, ದೊಡ್ಡ ದಾನಿಗೆ, ಅವರ ಸಂಬಂಧಿಕರಿಗೆ ಸಂಸ್ಥೆಯ ಹಣದಿಂದ ಅನುಚಿತ ಲಾಭ ಹೋದರೆ ಆ ಮೊತ್ತಕ್ಕೆ ವಿನಾಯಿತಿ ಇಲ್ಲ, ಶೇ. 30ರ ತೆರಿಗೆ ಬೀಳುತ್ತದೆ. ಅಳಿಯನಿಗೆ ಪೇಟೆಯ ದರಕ್ಕಿಂತ ಜಾಸ್ತಿಗೆ ಕಟ್ಟಡದ ಗುತ್ತಿಗೆ ಕೊಟ್ಟರೆ ಅದು ಇದೇ ಲೆಕ್ಕಕ್ಕೆ ಬರುತ್ತದೆ.

ಟ್ರಸ್ಟೇ ಆಗಬೇಕು ಎಂದು ಯಾರು ಹೇಳಿದರು? ನಿಮ್ಮ ಹೆದರಿಕೆಗೆ ಸೊಸೈಟಿ, ಅಂದರೆ ಸದಸ್ಯರ ನೋಂದಾಯಿತ ಸಂಘ, ಹೆಚ್ಚು ಹೊಂದುತ್ತದೆ ಎಂದು ನನಗೆ ಅನಿಸುತ್ತದೆ. ಕನಿಷ್ಠ ಏಳು ಸದಸ್ಯರು ಸೇರಿ ನೋಂದಾಯಿಸಬಹುದು. ಮಹಾಸಭೆ ಇರುತ್ತದೆ, ಚುನಾವಣೆ ಇರುತ್ತದೆ. ಸರಿಹೋಗದಿದ್ದರೆ ಸದಸ್ಯರೇ ಬದಲಾಯಿಸಬಹುದು. ಅದರ ಕೆಟ್ಟ ಮಗ್ಗುಲೂ ಇದೆ. ಸದಸ್ಯತ್ವ ಸಡಿಲವಾಗಿದ್ದರೆ ಒಂದು ಗುಂಪು ನೂರು ಜನರನ್ನು ಸೇರಿಸಿ ಸಂಸ್ಥೆಯನ್ನೇ ಹಿಡಿಯಬಹುದು. ರಾಜಕೀಯ ಗೊತ್ತಿರುವವರಿಗೆ ಅದು ಕಷ್ಟವೇ ಅಲ್ಲ. ಸದಸ್ಯತ್ವ ಕೊಡುವ ನಿಯಮವನ್ನು ಬಿಗಿಯಾಗಿ ಬರೆಯಿರಿ. ಇನ್ನೊಂದು ವಿಷಯ. ಕಾಸರಗೋಡಿನಲ್ಲಿ ಸೊಸೈಟಿಗಳಿಗೆ 1860ರ ಕಾಯ್ದೆ, ತಿರುವಾಂಕೂರು ಕೊಚ್ಚಿ ಭಾಗದಲ್ಲಿ 1955ರ ಬೇರೆ ಕಾಯ್ದೆ. ಹಿರಿಯರ ಪರಿಚಯದವರು ಯಾರೋ ತಿರುವನಂತಪುರದಿಂದ ತಂದ ಬೈಲಾವನ್ನು ಹಾಗೆಯೇ ಇಳಿಸಿದರೆ ಇಲ್ಲಿನ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಟ್ರಸ್ಟೇ ಬೇಕು ಎಂದು ಹಿರಿಯರು ಪಟ್ಟು ಹಿಡಿದರೆ ಒಪ್ಪಬಹುದು, ಆದರೆ ಕೆಲವು ವಿಷಯಗಳಲ್ಲಿ ಬಗ್ಗಬೇಡಿ. ಅಧ್ಯಕ್ಷರ ಅವಧಿ ಮೂರು ವರ್ಷ, ಮತ್ತೆ ಆಯ್ಕೆಯಾಗಬಹುದು. ಒಂದು ಕುಟುಂಬದಿಂದ ಮೂರನೇ ಒಂದು ಪಾಲಿಗಿಂತ ಜಾಸ್ತಿ ಟ್ರಸ್ಟಿಗಳು ಬೇಡ. ಚೆಕ್ಕಿಗೆ ಇಬ್ಬರ ಸಹಿ, ಅದರಲ್ಲಿ ಒಬ್ಬರು ಕುಟುಂಬದ ಹೊರಗಿನವರು. ಚುನಾವಣೆಗೆ ನಾಮಪತ್ರ ಹಾಕಿದ ಅಥವಾ ಪಕ್ಷದ ಸ್ಥಾನ ಒಪ್ಪಿದ ದಿನವೇ ಟ್ರಸ್ಟಿ ಸ್ಥಾನ ತಾನಾಗಿ ತೆರವು. ಟ್ರಸ್ಟಿಯನ್ನು ತೆಗೆಯಲು ಮೂರನೇ ಎರಡರ ಬಹುಮತ. ಈ ಐದನ್ನು ಒಪ್ಪದವರ ಜೊತೆ ಟ್ರಸ್ಟ್ ಮಾಡಬೇಡಿ ಎಂದೇ ನಾನು ಹೇಳುತ್ತೇನೆ, ಅವರು ಎಷ್ಟೇ ಒಳ್ಳೆಯವರಾಗಿರಲಿ. ಅವರ ನಂತರ ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂಬುದು ಅವರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ಗೌರವಾಧ್ಯಕ್ಷ ಎಂಬ ಮಧ್ಯದ ದಾರಿಯೂ ಇದೆ. ಹೆಸರು, ಮಾರ್ಗದರ್ಶನ ಅವರದ್ದು. ಸಹಿಯ ಅಧಿಕಾರ ಸಮಿತಿಯದ್ದು. ಹೆಚ್ಚಿನ ಕಡೆ ಇದು ಚೆನ್ನಾಗಿ ನಡೆಯುತ್ತದೆ. ಆದರೆ ಕೆಲಸ ಮಾಡುವ ಹುರುಪು ಇರುವವರಿಗೆ ಇದು ಬದಿಗೆ ಕೂರಿಸಿದ ಹಾಗೆ ಕಾಣಬಹುದು, ನಿಮ್ಮ ಹಿರಿಯರು ಅಂಥವರೇ ಎಂದು ಪತ್ರ ನೋಡಿದರೆ ಅನಿಸುತ್ತದೆ. ಅವರು ತಮ್ಮದೇ ಕುಟುಂಬದ ಟ್ರಸ್ಟ್ ಮಾಡಿಕೊಂಡು, ನಿಮ್ಮ ಮಂದಿರ ಒಂದೊಂದು ಕೆಲಸಕ್ಕೆ ಮಾತ್ರ ಅವರೊಡನೆ ಕೈಜೋಡಿಸುವುದೂ ಆಗಬಹುದು. ಆಗ ಮಂದಿರದ ಹೆಸರನ್ನು ಅವರ ರಶೀದಿಯಲ್ಲಿ ಬಳಸುವಂತಿಲ್ಲ ಎಂದು ಲಿಖಿತವಾಗಿ ಇರಲಿ.

ಜಾಗದ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಎಲ್ಲ ಕಡೆ ಇದೆ: ಕೊಟ್ಟವರು ಬೇಕಾದಾಗ ವಾಪಸ್ ತೆಗೆದುಕೊಳ್ಳಬಹುದು ಎಂದು. ಸಾರ್ವಜನಿಕ ದತ್ತಿಗೆ ನೋಂದಾಯಿತ ದಸ್ತಾವೇಜಿನ ಮೂಲಕ ಪೂರ್ತಿಯಾಗಿ ಕೊಟ್ಟದ್ದನ್ನು ಕೊಟ್ಟವರು ಮನಸ್ಸು ಬದಲಾಯಿಸಿ ಹಿಂದೆ ಪಡೆಯಲಾಗದು. ಜಗಳ ಆಗುವುದು ಬಾಯಿಮಾತಿನಲ್ಲಿ ಕೊಟ್ಟ ಜಾಗದಲ್ಲಿ. ಕಟ್ಟಡ ನಿಮ್ಮದು, ನೆಲ ಅವರ ಹೆಸರಿನಲ್ಲಿ, ನಾಳೆ ಮಕ್ಕಳ ಪಾಲಿಗೆ. ಆದ್ದರಿಂದ ಜಾಗದ ದಾನಪತ್ರ ನೋಂದಣಿಯಾಗುವವರೆಗೆ ಊರವರ ಒಂದು ರೂಪಾಯಿಯೂ ಅಡಿಪಾಯಕ್ಕೆ ಹೋಗಬಾರದು. ಅದಕ್ಕೂ ಮುಂಚೆ ವಿಲೇಜ್ ಆಫೀಸಿನ ಭೂತೆರಿಗೆ ರಶೀದಿ, ಋಣಭಾರ ಪತ್ರ, ಹಿಂದಿನ ದಸ್ತಾವೇಜುಗಳನ್ನು ವಕೀಲರಿಗೆ ತೋರಿಸಿ.

ಮುಂದಿನ ಸಭೆಗೆ ಹಿರಿಯರನ್ನು ಕರೆಯಿರಿ. ಅವರ ಬೆನ್ನ ಹಿಂದೆ ಚರ್ಚೆ ಬೇಡ. ಕರಡು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಪೂರ್ತಿ ಕನ್ನಡದಲ್ಲಿ ಬರೆಸಿ, ಎಲ್ಲರ ಎದುರು ಗಟ್ಟಿಯಾಗಿ ಓದಿಸಿ, ಪ್ರಶ್ನೆ ಕೇಳಲು ಒಂದು ವಾರ ಬಿಡಿ. ಸಹಿ ಹಾಕಿದ ಮೇಲೆ ನಾಲ್ಕು ತಿಂಗಳೊಳಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಸ್ತಾವೇಜನ್ನು ಹಾಜರುಪಡಿಸಬೇಕು. ಆಮೇಲೆ ಪ್ಯಾನ್, ಆಮೇಲೆ ಖಾತೆ, ಆಮೇಲೆ ತೆರಿಗೆ ವಿನಾಯಿತಿಯ ಅರ್ಜಿ. ಖಾತೆ ತೆರೆಯುವವರೆಗೆ ಹೊಸ ಸಂಸ್ಥೆಯ ಹೆಸರಿನಲ್ಲಿ ರಶೀದಿ ಪುಸ್ತಕ ಅಚ್ಚು ಹಾಕಿಸಬೇಡಿ. ಅಷ್ಟರವರೆಗೆ ಔಷಧಿ ಮತ್ತು ಫೀಸಿನ ಹಣವನ್ನು ಈಗಿನ ಮಂದಿರದ ಖಾತೆಯಿಂದಲೇ ಕೊಡುತ್ತಿರಿ, ಲೆಕ್ಕಪುಸ್ತಕದಲ್ಲಿ ಮಾತ್ರ ಇವತ್ತಿನಿಂದಲೇ ಬೇರೆ ಪುಟದಲ್ಲಿ ಬರೆಯಿರಿ.